ಮಡಿಕೇರಿ ಪೇಟೆಯೊಳಗೆ ಒಂದನೇ ಕ್ಲಾಸಿಗೆ ಯಾವ ಸರ್ಕಾರಿ ಶಾಲೆ? ಮಕ್ಕಳನ್ನು ಕಳಿಸಿದವರು ಹೇಳಿ

ಗುಡ್ಡದ ಮನೆ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈ ಸಲ ಒಂದನೇ ಕ್ಲಾಸು. ಸರ್ಕಾರಿ ಶಾಲೆಗೇ ಹಾಕುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ದಯವಿಟ್ಟು ಪ್ರೈವೇಟ್ ಶಾಲೆ ಹೆಸರು ಹೇಳಬೇಡಿ. ನಮಗೆ ಗೊಂದಲ ಇರುವುದು ಮೂರು ಸರ್ಕಾರಿ ಶಾಲೆಗಳ ನಡುವೆ. ಹೆಸರು ಹಾಕುವುದಿಲ್ಲ, ಅಲ್ಲಿನ ಟೀಚರುಗಳೂ ಇದನ್ನು ಓದಬಹುದು.

ಒಂದು ನಮ್ಮ ಮನೆಯ ಮೇಲೆ, ಏರು ಹತ್ತಿದರೆ ಎಂಟು ನಿಮಿಷ. 1ರಿಂದ 5ರ ತನಕ. ಒಟ್ಟು 34 ಮಕ್ಕಳು, ಇಬ್ಬರು ಟೀಚರ್. ಇನ್ನೊಂದು ಕೆಳಗಡೆ, ಕಾಲು ಗಂಟೆ ನಡಿಗೆ. 1ರಿಂದ 7. ಮಕ್ಕಳು 140ರ ಹತ್ತಿರ. ಹಳೇ ಕಟ್ಟಡ, ಹಂಚಿನ ಮಾಡು. ಮೂರನೆಯದು ಎರಡು ಕಿಲೋಮೀಟರ್ ದೂರ, ಆಟೋ ಬೇಕು. ಅಲ್ಲಿ ಇಂಗ್ಲಿಷ್ ಮೀಡಿಯಂ ವಿಭಾಗ ಇದೆ, ಗೋಡೆಗೆಲ್ಲ ಹೊಸ ಬಣ್ಣ, ಕ್ಲಾಸಿನಲ್ಲಿ ದೊಡ್ಡ ಟಿವಿ.

ನೆಂಟರೆಲ್ಲ ಮೂರನೆಯದಕ್ಕೇ ಹಾಕು ಅಂತಾರೆ. ನನಗೆ ಮೇಲಿನ ಚಿಕ್ಕ ಶಾಲೆ ಇಷ್ಟ. ಯಾವುದನ್ನು ನೋಡಿ ಆರಿಸಬೇಕು?

ಕಣಿವೆ ಕಾಫಿ
ಕೆಳಗಿನದು. ಹಂಚಿನ ಮಾಡು ಅಂದ್ರಲ್ಲ, ಅಷ್ಟೇ ಸಾಕು. ಕಾರಣ ಆಮೇಲೆ ಬರೆಯುತ್ತೇನೆ.

ಏಲಕ್ಕಿ
ಮೇಲಿನ ಶಾಲೆಗೇ ಹಾಕಿ. ನನ್ನ ಮಗ ಅಂಥದೇ ಶಾಲೆಯಲ್ಲಿ ಓದಿದ, ಇಡೀ ಶಾಲೆಗೆ 29 ಮಕ್ಕಳು. ಎರಡು ದಿನ ಕಳಿಸದಿದ್ದರೆ ಟೀಚರ್ ಫೋನ್ ಮಾಡುತ್ತಿದ್ದರು. ಅವನಿಗೆ ಬೋರ್ಡ್ ಸರಿಯಾಗಿ ಕಾಣುತ್ತಿಲ್ಲ ಅಂತ ಮೊದಲು ಗುರುತಿಸಿದ್ದು ನಾವಲ್ಲ, ಆ ಟೀಚರ್. ದೊಡ್ಡ ಶಾಲೆಯಲ್ಲಿ ಇದು ಆಗುತ್ತಿತ್ತಾ?

ಹಳೇ ಟೀಚರ್
ನಾನು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಇಬ್ಬರು ಟೀಚರ್ ಇರುವ ಶಾಲೆಯಲ್ಲೂ ಕೆಲಸ ಮಾಡಿದ್ದೇನೆ, ಹದಿಮೂರು ಜನ ಇರುವಲ್ಲೂ ಮಾಡಿದ್ದೇನೆ. ಏಲಕ್ಕಿ ಹೇಳಿದ್ದು ನಿಜ, ಆದರೆ ಅರ್ಧ ನಿಜ.

34 ಮಕ್ಕಳು, ಇಬ್ಬರು ಟೀಚರ್ ಅಂದ್ರೆ ಲೆಕ್ಕದಲ್ಲಿ ಒಬ್ಬರಿಗೆ 17 ಮಕ್ಕಳು. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಐದು ಕ್ಲಾಸ್ ಇದೆ ಅಲ್ವಾ? ಒಬ್ಬರು 1, 2, 3ನೇ ಕ್ಲಾಸನ್ನು ಒಟ್ಟಿಗೆ ಕೂರಿಸಿ ನಲಿ ಕಲಿ ಮಾಡುತ್ತಾರೆ. ಇನ್ನೊಬ್ಬರು 4, 5. ನಲಿ ಕಲಿ ಶುರುವಾದದ್ದು 1995ರಲ್ಲಿ, ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ. ಅದು ಇಂಥ ಶಾಲೆಗೆ ಹೇಳಿ ಮಾಡಿಸಿದ ಹಾಗೆ ಇದೆ. ಮಗು ಕಾರ್ಡ್ ತೆಗೆದುಕೊಂಡು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ, ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುತ್ತದೆ. ಮನಸ್ಸಿಟ್ಟು ಮಾಡುವ ಟೀಚರ್ ಸಿಕ್ಕಿದರೆ ಇದಕ್ಕಿಂತ ಒಳ್ಳೆಯದಿಲ್ಲ.

ತೊಂದರೆ ಎಲ್ಲಿ ಅಂದ್ರೆ, ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಕೆಲಸವನ್ನೂ ಮಾಡಬೇಕು. ಮೀಟಿಂಗ್, ತರಬೇತಿ, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಆನ್‌ಲೈನ್ ಮಾಹಿತಿ ತುಂಬುವುದು. ಅವರು ಹೊರಗೆ ಹೋದ ದಿನ ಇನ್ನೊಬ್ಬರ ಕೈಯಲ್ಲಿ ಐದೂ ಕ್ಲಾಸು. ಆ ಇನ್ನೊಬ್ಬರಿಗೆ ಜ್ವರ ಬಂದರೆ? ನನಗೆ ಹಾಗಾಗಿದೆ. 101 ಡಿಗ್ರಿ ಜ್ವರದಲ್ಲಿ ಶಾಲೆಗೆ ಹೋಗಿ ಬೀಗ ತೆಗೆದಿದ್ದೇನೆ. ಮಕ್ಕಳನ್ನು ಸುಮ್ನೆ ಕೂರಿಸಿ ಚಿತ್ರ ಬರೆಯಿರಿ ಅಂದಿದ್ದೆ. ಈಗಲೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ "ಎಷ್ಟು ಟೀಚರ್" ಅಂತ ಮಾತ್ರ ಕೇಳಬೇಡಿ. "ಕಳೆದ ತಿಂಗಳು ಎಷ್ಟು ದಿನ ಇಬ್ಬರೂ ಇದ್ದರು" ಅಂತ ಕೇಳಿ. ಶಾಲೆಯವರಿಗೆ ಕೇಳುವುದು ಕಷ್ಟ ಆದರೆ ಅಲ್ಲಿನ ಅಡುಗೆಯವರನ್ನು ಕೇಳಿ. ಅವರಿಗೆ ಎಲ್ಲ ಗೊತ್ತಿರುತ್ತದೆ.

ನಿಯಮದ ಪುಸ್ತಕ
ಟೀಚರಮ್ಮ ಹೇಳಿದ್ದಕ್ಕೆ ಅಂಕಿ ಸೇರಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸಿನಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರ್, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದ್ರೆ ಮೇಲಿನ ಶಾಲೆಯಲ್ಲಿ ಇಬ್ಬರು ಇರುವುದು ನಿಯಮದ ಪ್ರಕಾರ ಸರಿಯೇ. ಮೂರನೆಯವರು ಬೇಕು ಅಂತ ಕೇಳಲು ಆಗುವುದಿಲ್ಲ. 150 ಮಕ್ಕಳು ದಾಟಿದರೆ ಮಾತ್ರ ಈ ಲೆಕ್ಕದ ಮೇಲೆ ಪ್ರತ್ಯೇಕ ಮುಖ್ಯ ಶಿಕ್ಷಕರು. ಕಾಯ್ದೆ ತಲೆ ಎಣಿಸುತ್ತದೆ, ಕ್ಲಾಸ್ ಎಣಿಸುವುದಿಲ್ಲ. ಚಿಕ್ಕ ಶಾಲೆಗಳ ಸಮಸ್ಯೆ ಪೂರ್ತಿ ಇಲ್ಲೇ ಇದೆ.

ಕುಶಾಲನಗರದ ಅಪ್ಪ
ಸುಮ್ನೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಶಿಕ್ಷಣ ಹಕ್ಕು ಕಾಯ್ದೆಯ 25 ಪರ್ಸೆಂಟ್ ಕೋಟಾದಲ್ಲಿ ಪ್ರೈವೇಟ್ ಶಾಲೆಗೆ ಅರ್ಜಿ ಹಾಕಬಹುದಲ್ವಾ? ಫೀಸು ಇಲ್ಲ.

ನಿಯಮದ ಪುಸ್ತಕ
ಅದು ಹಳೇ ಕಥೆ. ಕರ್ನಾಟಕದಲ್ಲಿ 2019ರಿಂದ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಪ್ರೈವೇಟ್ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಮಡಿಕೇರಿ ಪೇಟೆಯೊಳಗೆ ಮನೆ ಇದ್ದವರಿಗೆ ಆ ದಾರಿ ಹೆಚ್ಚು ಕಡಿಮೆ ಮುಚ್ಚಿದ ಹಾಗೆ. ಅಲ್ಲದೆ ಅವರು ಮೊದಲೇ ಹೇಳಿದ್ದಾರೆ, ಪ್ರೈವೇಟ್ ಬೇಡ ಅಂತ.

ಕಣಿವೆ ಕಾಫಿ
ಕಾರಣ ಹೇಳುತ್ತೇನೆ ಅಂದಿದ್ದೆ. ಶಾಲೆ ನೋಡಲು ಏಪ್ರಿಲ್‌ನಲ್ಲಿ ಹೋಗಬೇಡಿ. ಬಿಸಿಲಿನಲ್ಲಿ ಎಲ್ಲ ಶಾಲೆಯೂ ಚೆಂದ. ಜುಲೈ ತಿಂಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ.

ತಗಡಿನ ಶೀಟ್ ಮಾಡಿನ ಕ್ಲಾಸಿನಲ್ಲಿ ನಮ್ಮೂರಿನ ಮಳೆ ಬಿದ್ದರೆ ಟೀಚರ್ ಬಾಯಿ ಆಡುವುದು ಮಾತ್ರ ಕಾಣುತ್ತದೆ, ಒಂದಕ್ಷರ ಕೇಳುವುದಿಲ್ಲ. ನಾನು ನಾಲ್ಕನೇ ಕ್ಲಾಸ್ ಹಾಗೆ ಕಳೆದೆ. ಆ ವರ್ಷದ ಭಾಗಾಕಾರ ನನಗೆ ಬಂದದ್ದು ಆರನೇ ಕ್ಲಾಸಿನಲ್ಲಿ. ಹಂಚಿನ ಮಾಡಾದರೆ ಸದ್ದು ಕಡಿಮೆ, ಕೆಳಗೆ ಮರದ ಮುಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು. ಹಳೇ ಕಟ್ಟಡ ಅಂತ ಮೂಗು ಮುರಿಯಬೇಡಿ. ಹಂಚು ಒಡೆದಿದೆಯಾ, ಗೋಡೆ ಕೆಳಗೆ ಪಾಚಿ ಕಟ್ಟಿದೆಯಾ, ನೆಲ ಬೆವರುತ್ತದಾ ಅಂತ ಅಲ್ಲೇ ಓದುತ್ತಿರುವ ಮಕ್ಕಳ ತಾಯಂದಿರನ್ನು ಕೇಳಿ.

ಇನ್ನೊಂದು, ಒದ್ದೆ ಕೊಡೆ, ರೈನ್‌ಕೋಟು ಇಡಲು ಜಾಗ ಎಲ್ಲಿದೆ? ಒದ್ದೆ ಸಾಕ್ಸ್‌ನಲ್ಲಿ ಮಗು ಸಾಯಂಕಾಲ ನಾಲ್ಕರ ತನಕ ಕೂರುತ್ತದಾ? ಸರ್ಕಾರ ಶೂ, ಸಾಕ್ಸ್ ಕೊಡುತ್ತದೆ, ಒಳ್ಳೆಯದೇ. ಆದರೆ ನಮ್ಮಲ್ಲಿ ಜೂನ್‌ನಿಂದ ಮೂರು ತಿಂಗಳು ಒಣಗಿದ ಶೂ ಯಾರ ಮನೆಯಲ್ಲಿದೆ? ಮಳೆಗಾಲದಲ್ಲಿ ಚಪ್ಪಲಿಯಲ್ಲಿ ಬರಲು ಬಿಡುವ ಮುಖ್ಯ ಶಿಕ್ಷಕಿ ಇದ್ದರೆ ಅದೇ ಒಳ್ಳೆ ಶಾಲೆ ಅಂತ ನನ್ನ ಲೆಕ್ಕ.

ಮಂಜು ಮುಸುಕು
ಈ ಶೀಟಿನ ಸದ್ದು ಅನುಭವಿಸಿದವರಿಗೇ ಗೊತ್ತು. 😔

ಕಿತ್ತಳೆ ತೋಟ
ನಾನು ಮಗನನ್ನು ಇಂಗ್ಲಿಷ್ ಮೀಡಿಯಂ ವಿಭಾಗ ಇರುವ ಸರ್ಕಾರಿ ಶಾಲೆಗೆ ಹಾಕಿದ್ದೇನೆ, ಈಗ ಮೂರನೇ ಕ್ಲಾಸ್. ಯಾರೂ ಅದರ ಪರ ಮಾತಾಡದ ಕಾರಣ ನಾನು ಬರೆಯುತ್ತೇನೆ. 2019-20ರಲ್ಲಿ ರಾಜ್ಯದಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಶುರು ಮಾಡಿದ್ದು ಇದು. ನಮ್ಮ ಕಡೆ ಅದು ಬರದೇ ಹೋಗಿದ್ದರೆ ನಮ್ಮ ಶಾಲೆ ಇಷ್ಟೊತ್ತಿಗೆ ಮುಚ್ಚುತ್ತಿತ್ತು. ಗಣಿತದ ಪುಸ್ತಕದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತದೆ. ಟೀಚರ್ ವಿವರಿಸುವುದು ಕನ್ನಡದಲ್ಲೇ. ಮಗನಿಗೆ ಭಯ ಇಲ್ಲ. ಕೂಲಿ ಮಾಡುವವರ ಮಕ್ಕಳು ಇಂಗ್ಲಿಷ್ ಕಲಿಯಬಾರದಾ? ಫೀಸು ಕಟ್ಟುವವರಿಗೆ ಮಾತ್ರ ಅದು ಮೀಸಲಾ?

ಜೇನುಗೂಡು
ಕಲಿಯಬಾರದು ಅಂತ ಯಾರೂ ಹೇಳಲಿಲ್ಲ. ಆದರೆ ನಮ್ಮ ಜಿಲ್ಲೆಯ ಮಗುವಿನ ಭಾಷೆ ಲೆಕ್ಕ ಹಾಕಿ ನೋಡಿ. ನಮ್ಮ ಮನೆಯಲ್ಲಿ ಅರೆಭಾಷೆ. ಪಕ್ಕದ ಮನೆಯಲ್ಲಿ ಕೊಡವ ತಕ್ಕ್. ಆಚೆ ಮನೆಯಲ್ಲಿ ಮಲಯಾಳ, ಅಂಗಡಿಯವರದ್ದು ತುಳು. ತೋಟದ ಕಡೆ ಹೋದರೆ ಎರವರ ಮಾತು, ಕುರುಬರ ಮಾತು. ಇಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿಯುವ ಭಾಷೆ. ಅದು ಗಟ್ಟಿಯಾಗುವ ಮೊದಲೇ ಗಣಿತವನ್ನು ಇಂಗ್ಲಿಷ್‌ನಲ್ಲಿ ಕೊಟ್ಟರೆ ಮಗು ಲೆಕ್ಕ ಕಲಿಯುತ್ತದಾ, ಶಬ್ದ ಬಾಯಿಪಾಠ ಮಾಡುತ್ತದಾ? ಕನ್ನಡ ಮೀಡಿಯಂನಲ್ಲೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ.

ಕಿತ್ತಳೆ ತೋಟ
ಇದೆ. ಆದರೆ ಕಲಿಸುವವರಿಗೆ ಬರಬೇಕಲ್ಲ.

ಜೇನುಗೂಡು
ಅದನ್ನೇ ನಾನೂ ಹೇಳುವುದು! ಅದೇ ಟೀಚರ್ ನಾಳೆ ಇಂಗ್ಲಿಷ್ ಮೀಡಿಯಂನಲ್ಲಿ ವಿಜ್ಞಾನ ಹೇಗೆ ಹೇಳುತ್ತಾರೆ? ಬೋರ್ಡ್ ಬದಲಾಯಿಸಿದರೆ ಟೀಚರ್ ಬದಲಾಗುವುದಿಲ್ಲ.

ಕಿತ್ತಳೆ ತೋಟ
ನಮ್ಮ ಶಾಲೆಯ ಟೀಚರ್ ತರಬೇತಿ ಪಡೆದು ಬಂದಿದ್ದಾರೆ, ರಾತ್ರಿ ಓದಿಕೊಂಡು ಬೆಳಿಗ್ಗೆ ಹೇಳುತ್ತಾರೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಳೇ ಟೀಚರ್
ಇಬ್ಬರೂ ಒಂದೇ ಮಾತನ್ನು ಎರಡು ಕಡೆಯಿಂದ ಹೇಳುತ್ತಿದ್ದೀರಿ. ಗುಡ್ಡದ ಮನೆಯವರೇ, ಆ ಮೂರನೇ ಶಾಲೆಗೆ ಹೋಗಿ ಎರಡನೇ ಕ್ಲಾಸಿನ ಯಾವುದಾದರೂ ಮಗುವಿಗೆ ಪುಸ್ತಕದ ಒಂದು ಸಾಲು ಓದಲು ಹೇಳಿ, ಆಮೇಲೆ "ಅಂದ್ರೆ ಏನು ಪುಟ್ಟ" ಅಂತ ಕೇಳಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಪರವಾಗಿಲ್ಲ, ಬರಬೇಕು.

ಸುಂಟಿಕೊಪ್ಪ ಬಸ್ಸು
ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈಗ ಸರ್ಕಾರಿ ಶಾಲೆಯಲ್ಲಿ ಲೈನ್ ಮನೆ (ತೋಟದ ಕೂಲಿಯವರ ಸಾಲು ಮನೆ) ಮಕ್ಕಳೇ ಜಾಸ್ತಿ. ಅಸ್ಸಾಂ ಕಡೆಯವರು ಬಂದು ಸೇರಿದ್ದಾರೆ. ಅವರ ಜೊತೆ ಕೂತರೆ ನಮ್ಮ ಮಕ್ಕಳ ಓದು ಹಿಂದೆ ಬೀಳುತ್ತದೆ.

ಸಿದ್ದಾಪುರ ದಾರಿ
ಬೇಜಾರು ಆಗಿದೆ. ನಾನು ಲೈನ್ ಮನೆಯಲ್ಲಿ ಹುಟ್ಟಿದವನು. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಅಪ್ಪ, ಅಮ್ಮ ಇಬ್ಬರೂ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಆನೆ ಇಲ್ಲ ಅಂತ ಯಾರಾದರೂ ಹೇಳಿದ ಮೇಲೆ ಶಾಲೆಗೆ ಹೊರಡುತ್ತಿದ್ದೆವು. ಲದ್ದಿ ಬಿಸಿ ಇದ್ದರೆ ವಾಪಸ್ಸು. ಹಾಗೆ ತಪ್ಪಿದ ಪಾಠವನ್ನು ನಮ್ಮ ಮೇಷ್ಟ್ರು ಮಾರನೇ ದಿನ ಊಟದ ಹೊತ್ತಿನಲ್ಲಿ ಹೇಳಿಕೊಡುತ್ತಿದ್ದರು. ಈಗ ನಾನು ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದೇನೆ. ನನ್ನ ಪಕ್ಕ ಕೂತಿದ್ದ ತೋಟದ ಮಾಲೀಕರ ಮಗ ಹಿಂದೆ ಬೀಳಲಿಲ್ಲ, ಇವತ್ತೂ ಫೋನ್ ಮಾಡುತ್ತಾನೆ.

ಅಸ್ಸಾಂ ಮಕ್ಕಳ ಬಗ್ಗೆ ಹೇಳುವುದಾದರೆ, ಅವರ ಕಷ್ಟ ಓದು ಬಾರದ್ದಲ್ಲ. ಕಾಫಿ ಕುಯ್ಲು ಮುಗಿದ ಕೂಡಲೇ ಅಪ್ಪ ಅಮ್ಮ ಬೇರೆ ಕಡೆ ಕೆಲಸಕ್ಕೆ ಹೋಗುತ್ತಾರೆ, ಮಗು ವರ್ಷದ ಮಧ್ಯದಲ್ಲೇ ಶಾಲೆ ಬಿಡುತ್ತದೆ. ಆರು ತಿಂಗಳಲ್ಲಿ ಕನ್ನಡ ಕಲಿತ ಮಗು ಏಳನೇ ತಿಂಗಳು ಇರುವುದಿಲ್ಲ. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಿ.

ಸುಂಟಿಕೊಪ್ಪ ಬಸ್ಸು
ಕ್ಷಮಿಸಿ. ನಾನು ಹಾಗೆ ಬರೆಯಬಾರದಿತ್ತು. ನನ್ನ ಆತಂಕ ಒಂದೇ ಟೀಚರ್ ಎಷ್ಟು ಭಾಷೆಯ ಮಕ್ಕಳನ್ನು ಸಂಭಾಳಿಸಬಹುದು ಅನ್ನೋದು.

ಏಲಕ್ಕಿ
ಸಿದ್ದಾಪುರ ದಾರಿಯವರೇ, ನೀವು ಬರೆದದ್ದನ್ನು ಮಗನಿಗೆ ಓದಿ ಹೇಳಿದೆ.

ಬೆಟ್ಟದ ಬುಡ
ಇಲ್ಲಿ ಯಾರೂ ಹೇಳದ ಒಂದು ವಿಷಯ. ಶಾಲೆಯ ಹಿಂದೆ ಬರೆ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬ, ಇದೆಯಾ? ಮುಂದೆ ಇಳಿಜಾರು ಇದೆಯಾ? ತಡೆಗೋಡೆ ಯಾವಾಗ ಕಟ್ಟಿದ್ದು, ಅದರಲ್ಲಿ ನೀರು ಹೋಗಲು ತೂತು ಬಿಟ್ಟಿದ್ದಾರಾ? 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದವರಿಗೆ ಇದು ಅತಿ ಅನ್ನಿಸುವುದಿಲ್ಲ. ಆ ಮಳೆಗೆ ಮಡಿಕೇರಿ ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದ ಕಡೆ ಮನೆಗಳು ಹೋದವು. ಆಗ ನಾವು ಒಂದು ಶಾಲೆಯಲ್ಲೇ ಪರಿಹಾರ ಕೇಂದ್ರದಲ್ಲಿ ಇದ್ದೆವು. ಡೆಸ್ಕ್ ಜೋಡಿಸಿ ಮಲಗಿದ್ದೆವು. ನನ್ನ ಮಗಳು ಆ ಕ್ಲಾಸಿನ ಗೋಡೆಯ ಮೇಲಿದ್ದ ಅ, ಆ, ಇ, ಈ ನೋಡಿಕೊಂಡೇ ಅಕ್ಷರ ಕಲಿತಳು. ಆಮೇಲೆ ಅದೇ ಶಾಲೆಗೆ ಸೇರಿಸಿದೆವು. ಇವತ್ತಿಗೂ ಅವಳಿಗೆ ಅದು ಇನ್ನೊಂದು ಮನೆ.

ನೀವು ಏರಿನ ಶಾಲೆ ಅಂದ ಕೂಡಲೇ ನನಗೆ ಮೊದಲು ನೆನಪಾದದ್ದು ಇದು. ಹೆದರಿಸಲು ಅಲ್ಲ. ಒಮ್ಮೆ ಹಿಂದುಗಡೆ ಹೋಗಿ ನೋಡಿ.

ಗುಡ್ಡದ ಮನೆ
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಳೆಯೇ ನೋಡುತ್ತೇನೆ.

ಮಂಜು ಮುಸುಕು
ಮಳೆ ರಜೆ ಬಗ್ಗೆಯೂ ಕೇಳಿ. ನಮ್ಮಲ್ಲಿ ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ ಮಾಡಿಯೋ ದಸರಾ ರಜೆ ಕಡಿಮೆ ಮಾಡಿಯೋ ತುಂಬಿಸಬೇಕಾಗುತ್ತದೆ. ಒಂದರಿಂದ ಐದಕ್ಕೆ ವರ್ಷಕ್ಕೆ 200 ದಿನ ಪಾಠ ನಡೆಯಬೇಕು. ಕೆಲವು ಶಾಲೆಯಲ್ಲಿ ನಿಜವಾಗಿ ತುಂಬಿಸುತ್ತಾರೆ. ಕೆಲವು ಕಡೆ ಹಾಜರಿ ಪುಸ್ತಕದಲ್ಲಿ ಮಾತ್ರ.

ಕಣಿವೆ ಕಾಫಿ
ದಸರಾ ರಜೆ ಮುಟ್ಟಬೇಡಿ ಮಾರಾಯ್ರೇ. ದಸರಾದ ದಶಮಂಟಪ, ಆ ಹತ್ತು ಮಂಟಪಗಳ ಮೆರವಣಿಗೆ ನೋಡದ ಮಡಿಕೇರಿ ಮಗು ಇದೆಯಾ?

ಜೇನುಗೂಡು
ರಜೆ ಅಂದಾಗ ನೆನಪಾಯಿತು. ಆಟಿ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವಲ್ಲ, ಮಾರನೇ ದಿನ ನಮ್ಮ ಶಾಲೆಗೆ ಎಲ್ಲರೂ ಅದನ್ನು ತರುತ್ತಿದ್ದರು. ನೇರಳೆ ಬಣ್ಣ, ಘಮಘಮ. ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದ ಮೇಷ್ಟ್ರು ಎರಡು ಲೋಟ ತಿಂದರು. ಮರುದಿನ ಮೂತ್ರ ಕೆಂಪಾಗಿದ್ದು ಕಂಡು ಗಾಬರಿಯಿಂದ ಡಾಕ್ಟರ್ ಹತ್ತಿರ ಹೊರಟಿದ್ದರಂತೆ. ಅದು ಮದ್ದು ಸೊಪ್ಪಿನ ಬಣ್ಣ ಅಷ್ಟೇ ಅಂತ ಅಡುಗೆ ಅಕ್ಕ ತಡೆದು ಕೂರಿಸಿ ಹೇಳಿದರು.

ಮಂಜು ಮುಸುಕು
ನಮ್ಮಲ್ಲಿ ಅದು ಕಕ್ಕಡ ಪದಿನೆಟ್ಟ್. ಆಗಸ್ಟ್ 3. ಪಾಯಸ ಒಂದೇ! 😄

ಕುಶಾಲನಗರದ ಅಪ್ಪ
ಊಟದ ವಿಷಯ ಬಂತಲ್ಲ. ಬಿಸಿಯೂಟ, ಮೊಟ್ಟೆ ಏಳನೇ ಕ್ಲಾಸಿನ ತನಕ ಮಾತ್ರ ಅಲ್ವಾ?

ನಿಯಮದ ಪುಸ್ತಕ
ಇಲ್ಲ, ನಮ್ಮ ರಾಜ್ಯದಲ್ಲಿ ಹತ್ತನೇ ಕ್ಲಾಸಿನ ತನಕ. ಹಾಲು 2013ರಿಂದ ಇದೆ. ಮೊಟ್ಟೆ ಮೊದಲು ವಾರಕ್ಕೆ ಎರಡು ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸಹಾಯದಿಂದ ಆರು ದಿನ ಆಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಒಂದು ಮುಖ್ಯ ವಿಷಯ, ಮಗುವಿನ ಹುಟ್ಟಿದ ದಿನ ನೋಡಿಕೊಳ್ಳಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ರಲ್ಲಿ ಎಲ್‌ಕೆಜಿ, ಯುಕೆಜಿ ಮುಗಿಸಿದವರಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿದ್ದು ಆ ವರ್ಷಕ್ಕೆ ಅಂತಲೇ. ಅದನ್ನೇ ನಂಬಿ ಕೂರಬೇಡಿ.

ಹಳೇ ಟೀಚರ್
ಇನ್ನೂ ಒಂದು. ಎಸ್‌ಡಿಎಂಸಿ (ತಂದೆ ತಾಯಂದಿರಿರುವ ಶಾಲಾಭಿವೃದ್ಧಿ ಸಮಿತಿ) ಬಗ್ಗೆ ಕೇಳಿ. ಅಧ್ಯಕ್ಷರು ಯಾರು, ಮೀಟಿಂಗಿಗೆ ತಾಯಂದಿರು ಬರುತ್ತಾರಾ? ತಂದೆ ತಾಯಿ ಬಂದು ಕೂರುವ ಶಾಲೆಯಲ್ಲಿ ನಲ್ಲಿ ಕೆಟ್ಟರೆ ವಾರದಲ್ಲಿ ಸರಿಯಾಗುತ್ತದೆ. ಬಾರದ ಕಡೆ ವರ್ಷ ಆದರೂ ಹಾಗೇ. ಶೌಚಾಲಯ ನೋಡಿ, ಬರೀ ಇದೆಯಾ ಅಂತಲ್ಲ, ಬಾಗಿಲಿಗೆ ಚಿಲಕ ಇದೆಯಾ, ಬೀಗ ಹಾಕಿ ಇಟ್ಟಿದ್ದಾರಾ ಅಂತ. ಹೆಣ್ಣುಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಮನೆಗೆ ಬರುವುದನ್ನು ನಾನು ನೋಡಿದ್ದೇನೆ.

ಗುಡ್ಡದ ಮನೆ
ಮೂರನ್ನೂ ನೋಡಿ ಬಂದೆ. ಗಂಡ ಒಂದು ದಿನ ರಜೆ ಹಾಕಿದ್ದರು.

ಮೊದಲು ದೂರದ್ದು. ಟಿವಿ ಇದೆ, ಕೆಟ್ಟು ನಾಲ್ಕು ತಿಂಗಳಾಗಿದೆ. ಆದರೆ ಟೀಚರ್ ತುಂಬಾ ಒಳ್ಳೆಯವರು. ಎರಡನೇ ಕ್ಲಾಸಿನ ಹುಡುಗನೊಬ್ಬ ಇಂಗ್ಲಿಷ್ ಸಾಲು ಓದಿ, ಅರ್ಥ ಕನ್ನಡದಲ್ಲಿ ಚೆನ್ನಾಗಿ ಹೇಳಿದ. ಕಿತ್ತಳೆ ತೋಟದವರು ಹೇಳಿದ್ದು ನಿಜ. ನಮಗೆ ಅಡ್ಡಿ ಆದದ್ದು ದೂರ. ದಿನಾ ಆಟೋ, ಮಂಜಿನಲ್ಲಿ ಆ ತಿರುವು.

ಮೇಲಿನ ಶಾಲೆಯ ಹಿಂದೆ ಬರೆ ಇದೆ. ತಡೆಗೋಡೆಯೂ ಇದೆ, ಗಟ್ಟಿ ಇದೆ, ನೀರಿನ ತೂತು ಇದೆ. ಆದರೆ ನಾವು ಹೋದ ದಿನ ಒಬ್ಬರೇ ಟೀಚರ್. ಇನ್ನೊಬ್ಬರು ಮೀಟಿಂಗಿಗೆ ಹೋಗಿದ್ದರು. ಅಡುಗೆ ಅಕ್ಕನನ್ನು ಕೇಳಿದೆ. "ವಾರಕ್ಕೆ ಒಂದೆರಡು ದಿನ ಹೀಗೇ ಅಕ್ಕ, ಆ ದಿನ ನಾನೂ ಒಂದನೇ ಕ್ಲಾಸಿನವರನ್ನು ನೋಡಿಕೊಳ್ಳುತ್ತೇನೆ" ಅಂದರು. ಅಲ್ಲಿ ನಿಂತಾಗ ಕಣ್ಣು ತುಂಬಿತು. ಆ ಟೀಚರ್ ಐದು ಕ್ಲಾಸಿನ ಮಧ್ಯೆ ಓಡಾಡುತ್ತಾ ನಗುನಗುತ್ತಲೇ ನಮ್ಮ ಜೊತೆ ಮಾತಾಡಿದರು.

ಕೆಳಗಿನ ಶಾಲೆಯಲ್ಲಿ ಆರು ಟೀಚರ್. ನಲಿ ಕಲಿಗೆ ಇಬ್ಬರು. ಹಂಚಿನ ಕೆಳಗೆ ಮರದ ಮುಚ್ಚಿಗೆ. ಒಂದು ಕ್ಲಾಸಿನ ಮೂಲೆಯಲ್ಲಿ ಸೋರುತ್ತದಂತೆ, ಅಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ನಾನು ಕೇಳಿದ ತಕ್ಷಣ ಮುಖ್ಯ ಶಿಕ್ಷಕಿ ಪುಸ್ತಕದಲ್ಲಿ ಬರೆದುಕೊಂಡರು. ಮಳೆಗಾಲದಲ್ಲಿ ಶೂ ಕಡ್ಡಾಯವಾ ಅಂತ ಕೇಳಿದೆ. "ಮಳೆಯಲ್ಲಿ ಶೂ ಹಾಕಿ ಕಳಿಸಬೇಡಿ, ಒಂದು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿ ಇಡಿ" ಅಂದರು.

ಅಲ್ಲಿಗೇ ಸೇರಿಸಿದೆವು.

ಕಣಿವೆ ಕಾಫಿ
ಒಣ ಸಾಕ್ಸ್! ಆ ಮುಖ್ಯ ಶಿಕ್ಷಕಿಗೆ ನನ್ನ ನಮಸ್ಕಾರ ಹೇಳಿ.

ಏಲಕ್ಕಿ
ಸರಿಯಾದ ನಿರ್ಧಾರವೇ. ಆದರೂ ಮೇಲಿನ ಶಾಲೆ ನೆನೆದು ಸಂಕಟ ಆಗುತ್ತಿದೆ. ಹೀಗೆ ಒಬ್ಬೊಬ್ಬರೇ ಬೇರೆ ಕಡೆ ಹೋದರೆ 34 ಇದ್ದದ್ದು 20 ಆಗುತ್ತದೆ. ಆಮೇಲೆ ಮುಚ್ಚುತ್ತಾರೆ. ಲೈನ್ ಮನೆಯ ಮಕ್ಕಳು ಆ ಏರಿನಿಂದ ಕೆಳಗೆ ಬರಬೇಕಾಗುತ್ತದೆ.

ಗುಡ್ಡದ ಮನೆ
ಆ ಯೋಚನೆ ನನಗೂ ಇದೆ. ಶನಿವಾರ ನನಗೆ ಬಿಡುವು. ಆ ಟೀಚರ್ ಹತ್ತಿರ ಕೇಳಿದ್ದೇನೆ, ಮಕ್ಕಳಿಗೆ ಕಥೆ ಓದಿ ಹೇಳಲು ಬರಲಾ ಅಂತ. ಎಸ್‌ಡಿಎಂಸಿಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ.

ಸಿದ್ದಾಪುರ ದಾರಿ
ನಾನು ತಿಂಗಳಿಗೆ ಎರಡು ಶನಿವಾರ ಮಡಿಕೇರಿಗೆ ಬರುತ್ತೇನೆ. ಗಣಿತ ಹೇಳಿಕೊಡಬಲ್ಲೆ. ಅನುಮತಿ ಸಿಕ್ಕಿದರೆ ಇಲ್ಲಿ ಬರೆಯಿರಿ.